ಕೈಯೂ ಕಾಣಬೇಕು, ದನಿಯೂ ಕೇಳಬೇಕು

ನಮ್ಮೂರಿನ ಹೆಸರೇ ಒಂದು ಒಗಟು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ‘ಪಿ’, ಆಮೇಲೆ ‘ಎಫ್’. ಓದುವಾಗ ಮಾತ್ರ ‘ಪಿ’ ಬಾಯಿ ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಬಂದು ಆಸ್ಟಿನ್ನಿನ ಈಶಾನ್ಯಕ್ಕೆ ಹೊಲ ಮನೆ ಮಾಡಿಕೊಂಡ ಫ್ಲೂಗರ್ ಮನೆತನದ ಹೆಸರಿದು. ಅಮ್ಮ ಸಾಗರದಿಂದ ಮೊದಲ ಸಲ ಇಲ್ಲಿಗೆ ಬಂದಾಗ, ಐ-೩೫ರ ಹಸಿರು ಬೋರ್ಡನ್ನು ಕಾರಿನ ಕಿಟಕಿಯಿಂದ ಜೋರಾಗಿ ‘ಪಿಫ್ಲುಗರ್ವಿಲ್ಲೆ’ ಎಂದು ಓದಿದ್ದರು. ನಾನು ತಿದ್ದಿದೆ. “ಓದಬಾರದು ಅಂತಿದ್ದರೆ ಬರೆಯೋದು ಯಾಕೋ ಮಾರಾಯ?” ಎಂದರು. ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಅಮ್ಮನ ಆ ಮಾತನ್ನು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಎಷ್ಟೋ ವರ್ಷ ಬಂಡವಾಳ ಮಾಡಿಕೊಂಡಿದ್ದೆ. “ನೋಡಿ ಮಕ್ಕಳೇ, ಕನ್ನಡದಲ್ಲಿ ಇಂಥ ಮೋಸ ಇಲ್ಲ. ಹೇಳಿದ್ದನ್ನೇ ಬರೆಯುತ್ತೇವೆ, ಬರೆದದ್ದನ್ನೇ ಓದುತ್ತೇವೆ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಒಂದು ಭಾನುವಾರ ಉತ್ಸಾಹ ಹೆಚ್ಚಾಗಿ, ನಮ್ಮೂರ ಹೆಸರನ್ನೇ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದೆ: ಫ್ಲೂಗರ್ವಿಲ್. ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ನಿಧಾನವಾಗಿ ಓದಿದಳು: “ಫ್ಲೂ... ಗ... ವಿರ್... ಲ್.”

ಉಳಿದ ಮಕ್ಕಳು ನಕ್ಕರು. ಅವಳು ಓದಿದ್ದು ತಪ್ಪೇ? ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ್ದಳು. ‘ಗ’ ಆದ ಮೇಲೆ ‘ವಿ’ ಇದೆ, ‘ವಿ’ ಆದ ಮೇಲೆ ಒಂಬತ್ತರ ಅಂಕಿಯ ಹಾಗೆ ಕಾಣುವ ಆ ಅರ್ಕಾವೊತ್ತು ಇದೆ. ಬಾಯಲ್ಲಿ ಮೊದಲು ಬರುವ ‘ರ್’ ಕಾಗದದ ಮೇಲೆ ಹಿಂದೆ ಹೋಗಿ ಕೂತಿದೆ. ನಾನು ವಿವರಿಸಿದೆ. ಅವಳು ಕೇಳಿದಳು: “ಅಂಕಲ್, ಮೊದಲು ಹೇಳ್ತೀರ, ಲಾಸ್ಟ್‌ಗೆ ಬರೀತೀರ. ಹಾಗಾದ್ರೆ ಇದೂ ‘ಪಿ’ ಥರಾನೇ ಅಲ್ವಾ?”

ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕನ್ನಡ ತರಗತಿ ನಡೆಸಿದವರಿಗೆ ಗೊತ್ತು, ಮಕ್ಕಳು ಕೈ ಬಿಡುವುದು ಇದೇ ಜಾಗದಲ್ಲಿ. ಸ್ವರ, ವ್ಯಂಜನ ಹಾಡಿಕೊಂಡು ಮುಗಿಸುತ್ತಾರೆ. ಕಾಗುಣಿತ ಹೇಗೋ ದಾಟುತ್ತಾರೆ. ಒತ್ತಕ್ಷರ ಬಂತೋ, ಸಾಕರ್ ಶುರುವಾಗುತ್ತದೆ, ಹುಟ್ಟುಹಬ್ಬದ ಪಾರ್ಟಿಗಳು ಹೆಚ್ಚಾಗುತ್ತವೆ, ಭಾನುವಾರ ತಲೆನೋವು ಬರುತ್ತದೆ. ‘ಅಕ್ಕ’, ‘ಅಮ್ಮ’, ‘ಅಣ್ಣ’ ಎಂದು ಬರೆಯಲಿಕ್ಕೂ ಒತ್ತು ಬೇಕೇ ಬೇಕು. ಅದು ಬಾರದೆ ನಿಂತವರು ಮುಂದೆ ಒಂದು ಸಾಲನ್ನೂ ಓದುವುದಿಲ್ಲ. ‘ತ ನ ಮ ಯ ರ ಲ’ಗಳ ಒತ್ತುಗಳಂತೂ ಮೂಲ ಅಕ್ಷರದ ಸಂಬಂಧವೇ ಇಲ್ಲದ ರೂಪದಲ್ಲಿ ಬರುತ್ತವೆ. ಊರಿನಲ್ಲಾದರೆ ಬಸ್ಸಿನ ಬೋರ್ಡು, ಅಂಗಡಿ ಫಲಕ, ಗೋಡೆಯ ಮೇಲಿನ ಸಿನಿಮಾ ಪೋಸ್ಟರು ದಿನಕ್ಕೆ ನೂರು ಸಲ ಕಣ್ಣಿಗೆ ಬಿದ್ದು ತಾನಾಗಿಯೇ ಪಾಠ ಮಾಡುತ್ತವೆ. ನಮ್ಮ ಮಕ್ಕಳಿಗೆ ಸಿಗುವುದು ವಾರಕ್ಕೊಂದು ಗಂಟೆ, ಒಂದು ಬೋರ್ಡು, ಹನ್ನೆರಡು ಮಕ್ಕಳಿಗೆ ಒಬ್ಬ ಅಂಕಲ್.

ಆ ಹುಡುಗಿಗೆ ಬೋರ್ಡಿನ ಮೇಲೆ ಮೂರು ಸಲ ಬರೆದು ತೋರಿಸಿದೆ. ಮೂರನೆಯ ಸಲ ತಲೆಯಾಡಿಸಿದಳು. ಆಫೀಸಿನ ಮೀಟಿಂಗಿನಲ್ಲಿ ಅರ್ಥವಾಗದಿದ್ದಾಗ ನಾವೆಲ್ಲ ಆಡಿಸುವ ತಲೆಯೇ ಅದು. ಮುಂದಿನ ವಾರದ ಹೋಮ್‌ವರ್ಕಿನಲ್ಲಿ ‘ಸೂರ್ಯ’ ಎನ್ನುವುದು ‘ಸೂರಯ’ ಆಗಿತ್ತು. ಮನೆಯಲ್ಲಿ ಕೇಳೋಣವೆಂದರೆ ತಾಯಿ ನಾಗಪುರದವರು, ಮನೆಮಾತು ಮರಾಠಿ. ಕನ್ನಡಿಗ ತಂದೆಗೆ ವಾರಕ್ಕೆ ನಾಲ್ಕು ದಿನ ಡಲ್ಲಾಸಿನಲ್ಲಿ ಕೆಲಸ. ಪುಸ್ತಕ ನೋಡು ಎಂದರೆ, ಪುಸ್ತಕದಲ್ಲಿರುವುದು ಬರೆದು ಮುಗಿಸಿದ ಅಕ್ಷರ. ಅದು ಎಲ್ಲಿಂದ ಹೊರಟು ಎಲ್ಲಿ ಮುಗಿಯಿತು, ಯಾವ ಗೆರೆ ಮೊದಲು ಯಾವುದು ಆಮೇಲೆ ಎಂಬುದನ್ನು ಅಚ್ಚಾದ ಅಕ್ಷರ ಹೇಳುವುದಿಲ್ಲ.

ನಾವು ಕಲಿತದ್ದು ಹೇಗೆ? ನೆನಪು ಮಾಡಿಕೊಳ್ಳಿ. ಅಕ್ಷರಾಭ್ಯಾಸದ ದಿನ ಹರಿವಾಣದ ಅಕ್ಕಿಯ ಮೇಲೆ ಯಾರೋ ಹಿರಿಯರು ಕೈ ಹಿಡಿದು ಬರೆಸಿದ್ದು. ಆಮೇಲೆ ಸ್ಲೇಟಿನ ಮೇಲೆ ಮೇಷ್ಟ್ರು ದೊಡ್ಡದಾಗಿ ಬರೆದುಕೊಟ್ಟ ಅಕ್ಷರದ ಮೇಲೆ ಬಳಪದಲ್ಲಿ ತಿದ್ದಿದ್ದು. ನಮ್ಮ ತಾತಂದಿರ ಕಾಲದಲ್ಲಿ ಮರಳಿನ ಮೇಲೆ ಬೆರಳಿನಲ್ಲಿ ತಿದ್ದುತ್ತಿದ್ದರು. ಮೂರರಲ್ಲೂ ಇದ್ದದ್ದು ಒಂದೇ ಸಂಗತಿ. ಕೈ ಚಲಿಸುವುದು ಕಣ್ಣಿಗೆ ಕಾಣುತ್ತಿತ್ತು, ಅದೇ ಹೊತ್ತಿಗೆ ಬಾಯಿ ಅದರ ಹೆಸರು ಹೇಳುತ್ತಿತ್ತು. ಕೈ ಮತ್ತು ದನಿ ಜೊತೆಯಾಗಿ ಸಾಗುವ ಪಾಠ ಅದು.

ಅದನ್ನೇ ಮಾಡಿ ಕಳಿಸಿದರೆ ಹೇಗೆ ಅನ್ನಿಸಿತು. ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಐಪ್ಯಾಡ್ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾ, ಬರೆಯುವುದನ್ನೇ ಬಾಯಲ್ಲಿ ಹೇಳುತ್ತಾ, ಪರದೆಯನ್ನು ರೆಕಾರ್ಡ್ ಮಾಡಿದೆ. “ಸೂ ಬರೆದೆ. ಈಗ ಕಿವಿಗೆ ಏನು ಕೇಳುತ್ತೆ? ರ್. ಆದರೆ ಕೈ ಈಗ ರ್ ಬರೆಯೋದಿಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುತ್ತೆ. ಮೊದಲು ಯ ಬರೆದೆ. ಈಗ ಜೇಬಿನಿಂದ ರ್ ತೆಗೆದು ಯ ಪಕ್ಕ ಇಟ್ಟೆ. ಸೂರ್‌-ಯ.” ಕೆಂಪು ಬಣ್ಣದಲ್ಲಿ ರ್, ನೀಲಿಯಲ್ಲಿ ಉಳಿದದ್ದು. ಸೂರ್ಯ, ಕಾರ್ಯ, ಪರ್ವತ, ಕರ್ನಾಟಕ, ಕೊನೆಗೆ ಫ್ಲೂಗರ್ವಿಲ್. ಒಟ್ಟು ನಾಲ್ಕು ನಿಮಿಷ.

ಎರಡು ವಾರದ ನಂತರ ಆ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಎಲ್ಲ ಸರಿ ಇತ್ತು. “ಎಷ್ಟು ಸಲ ನೋಡಿದೆ ಪುಟ್ಟಿ?” ಎಂದೆ. “ಇಲೆವೆನ್ ಟೈಮ್ಸ್. ಕ್ಲಾಸಲ್ಲಿ ನಿಮ್ಮನ್ನ ಇಲೆವೆನ್ ಟೈಮ್ಸ್ ಕೇಳೋಕಾಗುತ್ತಾ ಅಂಕಲ್?” ಎಂದಳು. ಕೇಳಬಹುದಿತ್ತು ಎಂದು ಬಾಯಿ ಮಾತಿಗೆ ಹೇಳಿದೆ. ಹನ್ನೊಂದನೆಯ ಸಲ ನನ್ನ ಮುಖ ಹೇಗಿರುತ್ತಿತ್ತೋ! ಪಕ್ಕದ ಹುಡುಗರ ಮುಖವಂತೂ ಎರಡನೆಯ ಸಲಕ್ಕೇ ನೋಡಿಯಾಗಿತ್ತು. ಅವಳ ತಾಯಿಯೂ ಜೊತೆಗೆ ಕೂತು ನೋಡಿದರಂತೆ. “ನಮ್ಮ ಲಿಪಿಯಲ್ಲೂ ಹೀಗೇ, ಸೂರ್ಯ ಬರೆಯುವಾಗ ರ್ ಹೋಗಿ ಯ ತಲೆಯ ಮೇಲೆ ಕೂರುತ್ತೆ” ಎಂದು ನಗುತ್ತಾ ಹೇಳಿದರು. ದೇವನಾಗರಿಯ ರೇಫ ನನಗೆ ಹೊಳೆದೇ ಇರಲಿಲ್ಲ. ಆ ದಿನದಿಂದ ಆಕೆಯೂ ನಮ್ಮ ವಿದ್ಯಾರ್ಥಿನಿ.

ನೂರು ಸಲ ಕೇಳಿದರೂ ಬೇಸರಪಡದ ಮೇಷ್ಟ್ರು ಎನ್ನುವ ಈ ಸಂಗತಿಯನ್ನು ಜಗತ್ತಿಗೇ ತೋರಿಸಿದವರು ನಮ್ಮ ನೆರೆ ರಾಜ್ಯ ಲೂಸಿಯಾನದಲ್ಲಿ ಬೆಳೆದ ಸಲ್ಮಾನ್ ಖಾನ್. ಸಿನಿಮಾದವರಲ್ಲ, ಖಾನ್ ಅಕಾಡೆಮಿಯವರು. ೨೦೦೪ರಲ್ಲಿ ಅವರು ಬಾಸ್ಟನ್ನಿನಲ್ಲಿ ಹೂಡಿಕೆ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದರು. ಹ್ಯೂಸ್ಟನ್ನಿನಿಂದ ಐದಾರು ಗಂಟೆ ಡ್ರೈವಿನ ನ್ಯೂ ಆರ್ಲಿಯನ್ಸಿನಲ್ಲಿದ್ದ ಚಿಕ್ಕ ವಯಸ್ಸಿನ ಸೋದರ ಸಂಬಂಧಿ ನಾದಿಯಾಗೆ ಅಳತೆಯ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಲೆಕ್ಕ ತಲೆಗೆ ಹತ್ತಿರಲಿಲ್ಲ. ಫೋನಿನಲ್ಲಿ ಮಾತು, ಯಾಹೂ ಡೂಡಲ್ ಎಂಬ ಹಂಚಿಕೊಂಡು ಬರೆಯುವ ಪರದೆಯ ಮೇಲೆ ಬರಹ, ಹೀಗೆ ಪಾಠ ಶುರುವಾಯಿತು. ಬೇರೆ ಮಕ್ಕಳೂ ಸೇರಿಕೊಂಡರು. ಎಲ್ಲರ ಹೊತ್ತು ಹೊಂದಿಸುವುದು ಕಷ್ಟವಾದಾಗ ೨೦೦೬ರಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕತೊಡಗಿದರು. ಆಗ ಆ ಮಕ್ಕಳು ಹೇಳಿದ್ದು, ನೀನು ಎದುರಿಗೆ ಇರುವುದಕ್ಕಿಂತ ಯೂಟ್ಯೂಬಿನಲ್ಲಿರುವುದೇ ವಾಸಿ ಎಂಬ ಅರ್ಥದ ಮಾತು! ಖಾನ್ ಇದನ್ನು ಮುಂದೆ ತಮ್ಮ ಭಾಷಣಗಳಲ್ಲಿ ತಾವೇ ನಗುತ್ತಾ ಹೇಳಿಕೊಂಡರು. ಎದುರಿಗಿದ್ದವನನ್ನು ‘ಮತ್ತೊಮ್ಮೆ ಹೇಳು’ ಎನ್ನಲು ಸಂಕೋಚ, ವಿಡಿಯೋವನ್ನು ಹಿಂದಕ್ಕೆ ಓಡಿಸಲು ಯಾರ ಸಂಕೋಚ? ಆ ವಿಡಿಯೋಗಳಲ್ಲಿ ಅವರ ಮುಖವೇ ಇರಲಿಲ್ಲ. ಕಪ್ಪು ಪರದೆ, ಬಣ್ಣಬಣ್ಣದ ಗೀಟು, ಪಕ್ಕದಲ್ಲೇ ಕೂತು ಮಾತಾಡಿದಂಥ ದನಿ, ಇಷ್ಟೇ. ೨೦೦೮ರಲ್ಲಿ ಅದು ಲಾಭರಹಿತ ಸಂಸ್ಥೆಯಾಯಿತು, ಮಾರನೆಯ ವರ್ಷ ಅವರು ಕೆಲಸ ಬಿಟ್ಟರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಕನ್ನಡದಲ್ಲೂ ಖಾನ್ ಅಕಾಡೆಮಿಯ ಪಾಠಗಳಿವೆ.

ಪರದೆಯನ್ನು ದನಿಯ ಸಮೇತ ಹಿಡಿಯುವ ತಂತ್ರ ಅದಕ್ಕಿಂತ ಹಳೆಯದು. ೧೯೯೦ರ ದಶಕದಲ್ಲೇ ಲೋಟಸ್ ಸ್ಕ್ರೀನ್‌ಕ್ಯಾಮ್ ಎಂಬ ತಂತ್ರಾಂಶವಿತ್ತು. ಮಿಷಿಗನ್ನಿನ ಟೆಕ್‌ಸ್ಮಿತ್ ಕಂಪನಿಯ ಕ್ಯಾಮ್ಟೇಸಿಯಾ ನಮ್ಮಲ್ಲಿ ಅನೇಕರು ಆಫೀಸಿನಲ್ಲಿ ಬಳಸಿರಬಹುದು. ೨೦೦೪ರಲ್ಲಿ ಜಾನ್ ಉಡೆಲ್ ಎಂಬ ಅಂಕಣಕಾರರು ಇದಕ್ಕೊಂದು ಹೆಸರು ಸೂಚಿಸಿ ಎಂದು ಓದುಗರನ್ನು ಕೇಳಿ, ಬಂದವುಗಳಲ್ಲಿ ‘ಸ್ಕ್ರೀನ್‌ಕಾಸ್ಟ್’ ಎಂಬುದನ್ನು ಆರಿಸಿಕೊಂಡರು. ಕನ್ನಡದಲ್ಲಿ ಏನೆನ್ನೋಣ? ‘ಪರದೆ ಪಾಠ’ ಎಂದು ನಮ್ಮ ತರಗತಿಯಲ್ಲಿ ಕರೆದೆವು. ಮಕ್ಕಳು ಅದನ್ನು ‘ಪಿಪಿ’ ಮಾಡಿಕೊಂಡರು. ಏನು ಮಾಡುವುದು!

ಹ್ಯೂಸ್ಟನ್ನಿನ ಓದುಗರಿಗೆ ಇನ್ನೊಂದು ಹೆಸರು ಹೇಳಬೇಕು. ಜಾನ್ ಬರ್ಗ್‌ಮನ್ ಮತ್ತು ಏರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರುಗಳು ಕೊಲೊರಾಡೋದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಗುಡ್ಡಗಾಡಿನ ಊರಿನಲ್ಲಿದ್ದರು. ಆಟೋಟಕ್ಕೆಂದು ದೂರದೂರಿಗೆ ಬಸ್ಸಿನಲ್ಲಿ ಹೋಗುವ ಮಕ್ಕಳು ಪಾಠ ತಪ್ಪಿಸಿಕೊಳ್ಳುತ್ತಿದ್ದರು. ೨೦೦೭ರಲ್ಲಿ ಇವರು ತಮ್ಮ ಸ್ಲೈಡುಗಳನ್ನು ದನಿಯೊಂದಿಗೆ ರೆಕಾರ್ಡ್ ಮಾಡಿ ಕೊಡತೊಡಗಿದರು. ತಪ್ಪಿಸಿಕೊಂಡವರಿಗಾಗಿ ಮಾಡಿದ್ದನ್ನು ತಪ್ಪಿಸಿಕೊಳ್ಳದವರೂ ನೋಡತೊಡಗಿದಾಗ ಇಬ್ಬರಿಗೂ ಹೊಳೆದದ್ದು, ವಿವರಣೆ ಮನೆಯಲ್ಲೇ ಆಗುವುದಾದರೆ ತರಗತಿಯ ಹೊತ್ತನ್ನು ಮಕ್ಕಳ ಪಕ್ಕ ಕೂತು ಲೆಕ್ಕ ಮಾಡಿಸಲು ಬಳಸಬಹುದಲ್ಲ ಎಂದು. ಪಾಠ ಮನೆಯಲ್ಲಿ, ಹೋಮ್‌ವರ್ಕ್ ಶಾಲೆಯಲ್ಲಿ. ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂದು ಹೆಸರಾದ ಈ ಪದ್ಧತಿಯ ಬಗ್ಗೆ ೨೦೧೨ರಲ್ಲಿ ಇಬ್ಬರೂ ಸೇರಿ ಪುಸ್ತಕ ಬರೆದರು. ಬರ್ಗ್‌ಮನ್ ಮುಂದೆ ಹ್ಯೂಸ್ಟನ್ನಿನ ಪ್ರೌಢಶಾಲೆಯೊಂದಕ್ಕೆ ಬಂದು ವಿಜ್ಞಾನ ಕಲಿಸಿದರು.

ಆದರೆ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಅನ್ನಿಸಿದ್ದು ನಮ್ಮ ದೇಶದ ಪ್ರಯೋಗವೊಂದು. ಐಐಟಿ ಬಾಂಬೆಯ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರು ಕೇಂದ್ರ ಸರ್ಕಾರದ ನೆರವಿನಿಂದ ಕಟ್ಟಿದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ. ಲಿನಕ್ಸ್, ಲಿಬ್ರೆಆಫೀಸ್, ಸೈಲ್ಯಾಬ್‌ಗಳಂಥ ಉಚಿತ, ಮುಕ್ತ ತಂತ್ರಾಂಶಗಳನ್ನು ಬಳಸುವುದು ಹೇಗೆ ಎಂದು ಪರದೆಯ ಮೇಲೆ ಮಾಡಿ ತೋರಿಸುತ್ತಾ ಹೇಳಿಕೊಡುವ, ಸುಮಾರು ಹತ್ತು ನಿಮಿಷದ ಪಾಠಗಳು. ಹತ್ತಿರದಲ್ಲಿ ಯಾವ ಮೇಷ್ಟ್ರೂ ಇಲ್ಲದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಮೊದಲು ಮಾತುಗಳನ್ನೆಲ್ಲ ಬರೆದುಕೊಳ್ಳುತ್ತಾರೆ. ವಿಷಯ ಗೊತ್ತೇ ಇಲ್ಲದ ಒಬ್ಬರಿಗೆ ಕೊಟ್ಟು, ಅವರು ಓದಿಕೊಂಡು ಅದೇ ಪ್ರಕಾರ ಮಾಡಬಲ್ಲರೇ ಎಂದು ಪರೀಕ್ಷಿಸುತ್ತಾರೆ. ಆಮೇಲೆಯೇ ರೆಕಾರ್ಡಿಂಗ್. ನೋಡುವವರು ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ ತೆರೆದಿಟ್ಟುಕೊಂಡು, ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ತಾವೂ ಮಾಡಿ ಮುಂದೆ ಹೋಗಬೇಕು. ಅಕ್ಕಿಯ ಹರಿವಾಣದ ಮೇಲೆ ತಿದ್ದಿದ ಹಾಗೇ!

ಅವರು ಮಾಡಿದ ಒಂದು ಜಾಣತನ ಭಾಷೆಯದು. ಪಾಠವನ್ನು ಕನ್ನಡ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ತಂದರು. ಆದರೆ ಬದಲಾಯಿಸಿದ್ದು ದನಿಯನ್ನು ಮಾತ್ರ, ಪರದೆ ಇಂಗ್ಲಿಷಿನಲ್ಲೇ ಉಳಿಯಿತು. ಮುಂದೆ ಕೆಲಸಕ್ಕೆ ಸೇರಿದಾಗ ಎದುರಾಗುವುದು ಇಂಗ್ಲಿಷ್ ಪರದೆಯೇ, ಆದ್ದರಿಂದ ಅದರ ಪರಿಚಯ ಇರಲಿ, ಅರ್ಥವಾಗಬೇಕಾದ ವಿವರಣೆ ಮಾತ್ರ ತಾಯ್ನುಡಿಯಲ್ಲಿರಲಿ ಎಂಬುದು ಅವರ ವಿಚಾರ. ಕಾಲೇಜಿನಲ್ಲಿ ಮೊದಲ ವರ್ಷ ಇಂಗ್ಲಿಷ್ ಪಾಠದ ಮುಂದೆ ಕಣ್ಣು ಕಣ್ಣು ಬಿಟ್ಟು ಕೂತಿದ್ದ ನಮ್ಮಂಥ ಕನ್ನಡ ಮಾಧ್ಯಮದವರಿಗೆ ಇದರ ಬೆಲೆ ಬೇರೆ ಯಾರೂ ಹೇಳಬೇಕಾಗಿಲ್ಲ.

ನಮ್ಮ ಮಕ್ಕಳದು ಇದರ ತಿರುವುಮುರುವು. ಅವರಿಗೆ ಕಷ್ಟ ಇರುವುದು ಕನ್ನಡದ ಪರದೆ, ಸುಲಭ ಇರುವುದು ಇಂಗ್ಲಿಷಿನ ದನಿ. ಹಾಗಾದರೆ ವಿವರಣೆ ಇಂಗ್ಲಿಷಿನಲ್ಲಿ ಕೊಡೋಣವೇ? ನಮ್ಮಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಡಲ್ಲಾಸಿನ ಗೆಳೆಯರೊಬ್ಬರು ಇಂಗ್ಲಿಷಿನಲ್ಲೇ ಮಾಡಿ ನೋಡಿದರು. ಮಕ್ಕಳಿಗೆ ಬೇಗ ಅರ್ಥವಾಯಿತು, ನಿಜ. ನನ್ನ ಅಭಿಪ್ರಾಯ ಮಾತ್ರ ಬೇರೆ. ಕೈ ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುತ್ತಿರುವಾಗ ‘ಕೆಳಗೆ ಬನ್ನಿ’, ‘ಸುತ್ತಿ’, ‘ಮೇಲಕ್ಕೆ ಎಳೆಯಿರಿ’, ‘ಪಕ್ಕಕ್ಕೆ ಇಡಿ’ ಎಂಬ ಕನ್ನಡದ ಅರ್ಥ ತಾನಾಗಿಯೇ ಆಗುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಬಿಟ್ಟಿಯಾಗಿ ಬರುವ ಕನ್ನಡ ಕೈತಪ್ಪಿದಂತೆ. ನನ್ನ ಮಗಳು ‘ಗುಡಿಸು’, ‘ಕೊಂಬು’, ‘ಇಳಿ’ ಪದಗಳನ್ನು ಕಲಿತದ್ದು ಹೀಗೇ. ‘ಗುಡಿಸು’ ಎಂದರೆ ಕಸ ಗುಡಿಸುವುದು ಎಂದುಕೊಂಡಿದ್ದಳು, ಅದು ಬೇರೆ ವಿಷಯ.

ಈಗ ನನ್ನ ಪ್ರಮಾದಗಳ ಪಟ್ಟಿ. ನಾಲ್ಕು ನಿಮಿಷದ್ದು ಚೆನ್ನಾಗಿ ನಡೆಯಿತೆಂದು ಉಬ್ಬಿಹೋಗಿ, ಎಲ್ಲ ಒತ್ತುಗಳನ್ನೂ ಸೇರಿಸಿ ಇಪ್ಪತ್ತೆರಡು ನಿಮಿಷದ ಮಹಾಕಾವ್ಯವೊಂದನ್ನು ಮಾಡಿದೆ. ಹಿನ್ನೆಲೆಯಲ್ಲಿ ವೀಣೆ, ಮೊದಲಿಗೆ ಭುವನೇಶ್ವರಿಯ ಚಿತ್ರ, ಬರೆದಿಟ್ಟುಕೊಂಡು ಓದಿದ ಅಚ್ಚುಕಟ್ಟಾದ ಮಾತು. ಹನ್ನೆರಡು ಮಕ್ಕಳಲ್ಲಿ ಕೊನೆಯವರೆಗೆ ನೋಡಿದವನು ಒಬ್ಬನೇ, ಅದೂ ಅವನ ಅಜ್ಜಿ ಪಕ್ಕದಲ್ಲಿ ಕೂತಿದ್ದರಿಂದ. ೨೦೧೪ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಪಾಠಶಾಲೆಯ ಸುಮಾರು ೬೯ ಲಕ್ಷ ವೀಕ್ಷಣೆಗಳನ್ನು ಲೆಕ್ಕ ಹಾಕಿದ ಫಿಲಿಪ್ ಗುವೋ ಮತ್ತು ಸಂಗಡಿಗರು, ವಿಡಿಯೋ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ ಎಂದು ಕಂಡುಕೊಂಡಿದ್ದರು. ಬರೀ ಸ್ಲೈಡಿಗಿಂತ, ಬರೆಯುತ್ತಾ ಬರೆಯುತ್ತಾ ಹೇಳುವ ಪಾಠಗಳನ್ನು ಹೆಚ್ಚು ಹೊತ್ತು ನೋಡುತ್ತಾರೆ ಎಂದೂ. ದೊಡ್ಡವರ ಕಥೆಯೇ ಹೀಗಾದರೆ ಒಂಬತ್ತು ವರ್ಷದವರ ತಪ್ಪೇನು?

ಇನ್ನೊಂದು ಸಲ ಇಡೀ ಪಾಠ ಮೂಕವಾಗಿತ್ತು. ಐಫೋನ್, ಐಪ್ಯಾಡ್‌ಗಳಲ್ಲಿ ರೆಕಾರ್ಡ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಮೈಕನ್ನು ಬೇರೆಯಾಗಿ ತೆರೆಯಬೇಕು. ನಾನು ಮರೆತಿದ್ದೆ. ಮಕ್ಕಳಿಗೆ ಮಾತ್ರ ಆ ಪಾಠ ಬಹಳ ಹಿಡಿಸಿತು. “ಅಂಕಲ್ ಮ್ಯೂಟ್” ಎಂದು ಹೆಸರಿಟ್ಟು, ಅದಕ್ಕೆ ತಾವೇ ದನಿ ಕೊಟ್ಟರು. ಯೋಚಿಸಿ ನೋಡಿದರೆ ಅದೊಂದು ಒಳ್ಳೆಯ ಅಭ್ಯಾಸವೇ. ಆಮೇಲೆ ಬೇಕೆಂದೇ ಎರಡು ಮೂಕ ಪಾಠ ಮಾಡಿ ಕಳಿಸಿದೆ.

ಎಲ್ಲಕ್ಕಿಂತ ಯಶಸ್ವಿಯಾದ ಪಾಠ ನಾನು ಮಾಡಿದ್ದಲ್ಲ. ಆಫೀಸಿನಿಂದ ಹೊರಡುವ ಮುಂಚೆ ಖಾಲಿ ಕೋಣೆಯಲ್ಲಿ ಕೂತು ‘ತ’ ಒತ್ತಿನ ರೆಕಾರ್ಡಿಂಗ್ ಮಾಡುತ್ತಿದ್ದೆ. ನಡುವೆ ಪರದೆಯ ಮೇಲ್ಗಡೆಯಿಂದ ಮನೆಯವಳ ವಾಟ್ಸಾಪ್ ಸಂದೇಶ ಇಳಿಯಿತು: “ಹೆಪ್ಪಿಗೆ ಮೊಸರಿಲ್ಲ, ಬರುವಾಗ ತನ್ನಿ.” ನಾನು ಗಮನಿಸದೆ ಹಾಗೇ ಕಳಿಸಿಬಿಟ್ಟೆ. ಭಾನುವಾರ ತರಗತಿಗೆ ಕಾಲಿಟ್ಟರೆ ಮಕ್ಕಳೆಲ್ಲ ಒಕ್ಕೊರಲಿನಿಂದ, “ಅಂಕಲ್, ಮೊಸರು ತಂದ್ರಾ?” ಎಂದರು. ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾರೆ. ಪ್ಪಿ, ಲ್ಲ, ನ್ನಿ, ಮೂರು ಒತ್ತು! ‘ನ್ನಿ’ಯ ಒತ್ತು ನಾನು ಇನ್ನೂ ಹೇಳಿಕೊಟ್ಟಿರಲೇ ಇಲ್ಲ. ಪುಸ್ತಕದಲ್ಲಿನ ‘ಬಸವಣ್ಣ ಬಂದನು’ ಓದಲು ಒಲ್ಲದವರು ಬೇರೆಯವರ ಮನೆಯ ಮೊಸರಿನ ವಿಷಯ ಓದಲು ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ. (ರೆಕಾರ್ಡ್ ಮಾಡುವ ಮುಂಚೆ ಸಂದೇಶಗಳು ಬಾರದಂತೆ ತಡೆಯಿರಿ ಎಂಬುದು ಬುದ್ಧಿವಾದ. ಬ್ಯಾಂಕಿನ ಓಟಿಪಿ ಬಂದಿದ್ದರೆ ಅದನ್ನೂ ಓದುತ್ತಿದ್ದರು.)

ಸಾಮಾನು ಸರಂಜಾಮಿನ ವಿಷಯ ಹೆಚ್ಚು ಹೇಳುವುದಿಲ್ಲ. ಪರದೆ ರೆಕಾರ್ಡ್ ಮಾಡುವ ಸೌಲಭ್ಯ ಆಪಲ್ ಫೋನುಗಳಲ್ಲಿ ೨೦೧೭ರಿಂದ, ಆಂಡ್ರಾಯ್ಡ್‌ನಲ್ಲಿ ೨೦೨೦ರ ಆವೃತ್ತಿಯಿಂದ ಒಳಗೇ ಬಂದಿದೆ. ಕಂಪ್ಯೂಟರಿಗೆ ಓಬಿಎಸ್ ಎಂಬ ಉಚಿತ ತಂತ್ರಾಂಶವಿದೆ. ಅದೂ ಬೇಡವೆಂದರೆ ಜೂಮ್‌ನಲ್ಲಿ ಒಬ್ಬರೇ ಮೀಟಿಂಗ್ ಮಾಡಿ ರೆಕಾರ್ಡ್ ಒತ್ತಿದರೆ ಆಯಿತು. ಬರೆಯುವ ಪೆನ್ಸಿಲ್ ಇಲ್ಲದವರು ಪುಸ್ತಕಗಳ ಗೋಪುರ ಕಟ್ಟಿ ಅದರ ಮೇಲೆ ಫೋನ್ ಇಟ್ಟು, ಕೆಳಗೆ ನೋಟ್‌ಬುಕ್ಕಿನಲ್ಲಿ ಬರೆಯುವ ಕೈಯನ್ನೇ ಚಿತ್ರಿಸಬಹುದು. ಮೈಕ್ ಹತ್ತಿರವಿರಲಿ, ಡಿಶ್‌ವಾಷರ್ ನಿಂತಿರಲಿ.

ಆದರೆ ಈ ಪರದೆ ಪಾಠಕ್ಕೊಂದು ಕುರುಡಿದೆ. ಮಗುವಿನ ಕೈ ಅದಕ್ಕೆ ಕಾಣದು. ೨೦೨೦ರಲ್ಲಿ ಕೋವಿಡ್ಡಿನಿಂದ ಇಲ್ಲಿ ಟೆಕ್ಸಸ್ಸಿನ ಶಾಲೆಗಳು ಮುಚ್ಚಿದಾಗ, ಅಲ್ಲಿ ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದಾಗ, ಎರಡೂ ಕಡೆ ತಾಯಿ ತಂದೆಯರಿಗೆ ಇದು ಅನುಭವಕ್ಕೆ ಬಂದಿದೆ. ಪಾಠ ನಡೆಯುತ್ತಿರುತ್ತದೆ, ಮಗು ಮುಂದೆ ಕೂತಿರುತ್ತದೆ, ಒಳಗೆ ಏನಾಗುತ್ತಿದೆ ಯಾರಿಗೂ ಗೊತ್ತಿಲ್ಲ. ಟೀವಿಯಲ್ಲಾದರೆ ಹಿಂದಕ್ಕೆ ಓಡಿಸುವುದೂ ಇಲ್ಲ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ‘ಮ’ ಒತ್ತನ್ನು ಎಲ್ಲ ವಿಡಿಯೋ ನೋಡಿಯೂ ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದ. ಬರೆದು ಮುಗಿದ ಮೇಲೆ ಸರಿಯಾಗೇ ಕಾಣುತ್ತಿತ್ತಾದ್ದರಿಂದ ನನಗೆ ತಿಳಿಯಲಿಲ್ಲ. ಎರಡು ಒತ್ತು ಒಟ್ಟಿಗೆ ಬರುವ ಪದ ಬಂದಾಗ ಅವನ ಕೈ ಗಂಟುಬಿತ್ತು.

ಆಗ ತಿರುಗಿಸಿ ನೋಡಿದೆವು. ನಾನು ಕಳಿಸುವುದರ ಬದಲು ನೀವು ಮಾಡಿ ಕಳಿಸಿ ಎಂದೆ. ಒಂದು ಪದ ಬರೆಯುತ್ತಾ, ಏನು ಮಾಡುತ್ತಿದ್ದೀರಿ ಎಂದು ಕನ್ನಡದಲ್ಲಿ ಹೇಳುತ್ತಾ, ಒಂದೇ ನಿಮಿಷ. ನನ್ನ ಎಷ್ಟೋ ವರ್ಷದ ತರಗತಿಗಳಲ್ಲಿ ಕಾಣದ್ದು ಆ ಒಂದೊಂದು ನಿಮಿಷಗಳಲ್ಲಿ ಕಂಡಿತು. ತರಗತಿಯಲ್ಲಿ ಬಾಯೇ ಬಿಡದ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, “ಈಗ ನಾನು ಕ ಬರೀತೀನಿ, ಕ ಕೆಳಗೆ ಇನ್ನೊಂದು ಚಿಕ್ಕ ಕ, ಅದು ಬೇಬಿ ಕ” ಎಂದು ವಿವರಿಸಿದ್ದ. ಇನ್ನೊಬ್ಬಳು ‘ವಿದ್ಯೆ’ ಸರಿಯಾಗಿ ಬರೆದಳು, ಆದರೆ ಬಾಯಲ್ಲಿ ‘ವಿದೆಯ’ ಅನ್ನುತ್ತಿದ್ದಳು. ಎತ್ವ ‘ದ’ಗೆ ಅಂಟಿಕೊಂಡಿರುವುದರಿಂದ ‘ದೆ’ ಎಂದೇ ಕೇಳಿ, ‘ಯ’ ಆಮೇಲೆ ಬರುತ್ತದೆ ಅಂದುಕೊಂಡಿದ್ದಾಳೆ. ನೋಟ್‌ಬುಕ್ ತಿದ್ದಿದ್ದರೆ ಪೂರ್ಣಾಂಕ ಕೊಡುತ್ತಿದ್ದೆ. ಟೈಪ್ ಮಾಡುವ ಮಕ್ಕಳದು ಮತ್ತೊಂದು ಗೊಂದಲ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗಿನಿಂದ ನಾವೆಲ್ಲ ಕೀಲಿಮಣೆಯಲ್ಲಿ ಕಿವಿಗೆ ಕೇಳಿದ ಕ್ರಮದಲ್ಲೇ ಒತ್ತುತ್ತೇವೆ, ಮೊದಲು ರ, ಆಮೇಲೆ ಯ. ಕಂಪ್ಯೂಟರೇ ರ್ ಅನ್ನು ಹಿಂದೆ ಕೂರಿಸುತ್ತದೆ. ಫೋನಿನಲ್ಲಿ ‘ಸೂರ್ಯ’ ಸರಿಯಾಗಿ ಮೂಡಿಸುವ ಮಗು ಪೆನ್ಸಿಲ್ ಹಿಡಿದಾಗ ತಡವರಿಸುವುದು ಇದಕ್ಕೇ.

ಮಕ್ಕಳ ರೆಕಾರ್ಡಿಂಗುಗಳನ್ನು ನಾವು ಎಲ್ಲಿಯೂ ಹಾಕುವುದಿಲ್ಲ, ಆ ಮನೆಗೂ ನನಗೂ ಮಾತ್ರ. ಎಲ್ಲರ ಎದುರು ಬಾರದಿರುವುದರಿಂದಲೇ ಅವರು ಧೈರ್ಯವಾಗಿ ತಪ್ಪು ಮಾಡುತ್ತಾರೆ.

ಅಮ್ಮನಿಗೆ ಒಮ್ಮೆ ಅರ್ಕಾವೊತ್ತಿನ ಆ ಮೊದಲ ಪಾಠ ಕಳಿಸಿದ್ದೆ, ಮಗ ಏನೋ ಸಾಧಿಸಿದ್ದಾನೆ ಎಂದು ಹೊಗಳಲಿ ಅಂತ. ಮಾರನೆಯ ದಿನ ಫೋನು. “ನಾವು ಹಾಗೆ ಬರೀತಿರಲಿಲ್ಲ. ಪೂರ್ತಿ ರ ಬರೆದು ಅದಕ್ಕೆ ಯ ಒತ್ತು ಕೊಡ್ತಿದ್ವಿ. ನೀನ್ಯಾಕೆ ಜೇಬು ಗೀಬು ಅಂತ ಮಕ್ಕಳನ್ನ ಗಾಬರಿ ಮಾಡ್ತೀಯ?” ನಿಜವೇ. ಆ ರೂಪವೂ ಕನ್ನಡದಲ್ಲಿದೆ, ಇಂದಿಗೂ ಹಲವರು ಹಾಗೆ ಬರೆಯುತ್ತಾರೆ. ಹಾಗೆ ಬರೆದರೆ ‘ಸೂರ್ಯ’ದ ರ ಕಿವಿಗೆ ಕೇಳಿದ ಜಾಗದಲ್ಲೇ ಇರುತ್ತದೆ! ಅಮ್ಮನಿಗೆ ಫೋನಿನ ಪರದೆ ರೆಕಾರ್ಡ್ ಮಾಡುವುದು ಹೇಗೆಂದು ನಾನೊಂದು ಪಾಠ ಮಾಡಿ ಕಳಿಸಿದೆ. ಅದನ್ನು ನೋಡಿಕೊಂಡು ಅವರು ಬೆರಳಿನಿಂದಲೇ ಬರೆದು ತಮ್ಮದೊಂದನ್ನು ಕಳಿಸಿದರು. ಹಿನ್ನೆಲೆಯಲ್ಲಿ ಕುಕ್ಕರ್ ಮೂರು ಸಲ ಕೂಗುತ್ತದೆ, ಹಾಲಿನವನು ಬಂದು ಹೋಗುತ್ತಾನೆ, ಅಮ್ಮ “ಒಂದು ನಿಮಿಷ ತಡಿ” ಎಂದು ಎದ್ದುಹೋಗಿ, ಖಾಲಿ ಪರದೆ ಒಂದೂವರೆ ನಿಮಿಷ ಹಾಗೇ ಓಡುತ್ತದೆ. ವಾಪಸು ಬಂದವರು “ಎಲ್ಲಿದ್ವಿ?” ಎಂದು ಮತ್ತೆ ಶುರು ಮಾಡುತ್ತಾರೆ.

ಕತ್ತರಿಸೋಣವೆಂದುಕೊಂಡೆ, ಮಗಳು ಬಿಡಲಿಲ್ಲ. ಹಾಗೆಯೇ ತರಗತಿಗೆ ಹೋಯಿತು. ನಾಗಪುರದ ತಾಯಿಯ ಆ ಹುಡುಗಿ ಅಜ್ಜಿಯ ಪಕ್ಷ ಸೇರಿದಳು. “ಅಜ್ಜಿ ವೇ ಈಸ್ ಬೆಟರ್” ಎಂದು ಘೋಷಿಸಿ, ನೋಟ್‌ಬುಕ್ ತೆಗೆದು, ಅದೇ ರೀತಿಯಲ್ಲಿ ಊರ ಹೆಸರು ಬರೆಯಲು ಕೂತಳು. ಫ್ಲೂ ಬರೆದಳು, ಗ ಬರೆದಳು, ರ ಬರೆದಳು, ಕೆಳಗೆ ವ ಒತ್ತು ಕೊಟ್ಟಳು. ಆಮೇಲೆ ಪೆನ್ಸಿಲ್ ಗಾಳಿಯಲ್ಲೇ ನಿಂತಿತು.

“ಅಂಕಲ್, ಈಗ ಗುಡಿಸು ಯಾರ ತಲೆ ಮೇಲೆ? ರ ಮೇಲಾ, ವ ಮೇಲಾ?”

“ರ ಮೇಲೆ.”

“ಆದ್ರೆ ಕೇಳೋದು ‘ವಿ’ ಅಂತ!”

ಸಾಗರಕ್ಕೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿ ಎರಡು ಗಂಟೆ ಎಂಬುದು ಆಮೇಲೆ ನೆನಪಾಯಿತು.